ಹೇಳೋದಕ್ಕೆ ನಾನು ಯಾರು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಿಂದ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಿಮ್ಮಲ್ಲಿ ಹಲವರು ನನ್ನನ್ನು ಕೇಳ್ತೀರಿ: "ಪಾಸ್ಟರ್, ನನಗೇ ಸಂದೇಹಗಳಿವೆ. ಹಾಗಿರುವಾಗ ಬೇರೆಯವರಿಗೆ ಯೇಸುವಿನ ಬಗ್ಗೆ ಹೇಳಿದ್ರೆ ಅದು ಕಪಟ ಅಲ್ವಾ?"

ಯೋಹಾನ 9ನೇ ಅಧ್ಯಾಯ ತೆಗೆಯಿರಿ. ಹುಟ್ಟುಕುರುಡನನ್ನು ಫರಿಸಾಯರು ವಿಚಾರಿಸ್ತಾರೆ. ಯೇಸು ಪಾಪಿಯೋ ಅಲ್ಲವೋ ಅಂದಾಗ, ತನಗೆ ಗೊತ್ತಿಲ್ಲ ಅಂತ ಒಪ್ಪಿಕೊಳ್ತಾನೆ. ಆದರೆ ತನಗೆ ಕಣ್ಣು ಬಂದ ಸಂಗತಿಯನ್ನು ಬಿಟ್ಟುಕೊಡೋದಿಲ್ಲ. ಅವನು ಸಾಕ್ಷಿ, ವಕೀಲನಲ್ಲ. ಕಾಣದ್ದನ್ನು ಸೇರಿಸಿ ಹೇಳೋದು ಕಪಟ. ಕಂಡದ್ದನ್ನು ಮುಚ್ಚಿಡೋದೂ ಕಪಟವೇ.

ಇನ್ನೊಂದು ಗಮನಿಸಿ. ಅವನನ್ನು ಹೊರಗೆ ಹಾಕಿದರು. ಆಮೇಲೆ ಯೇಸು ಅವನನ್ನು ಕಂಡುಕೊಂಡನು. ಆಗಲೇ ಅವನು ನಂಬಿ ಅಡ್ಡಬಿದ್ದದ್ದು. ಸಾಕ್ಷಿ ಮೊದಲು, ಪೂರ್ಣ ನಂಬಿಕೆ ಆಮೇಲೆ! ಸ್ತೋತ್ರ!

ಚನ್ನಪಟ್ಟಣದ ಬೊಂಬೆ ಮಾಡುವವರನ್ನು ನೋಡಿದ್ದೀರಲ್ಲಾ? ತಿರುಗುವ ಮರಕ್ಕೆ ಗಟ್ಟಿ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತೆ. ತಾನಾಗಿ ಕರಗಲಿ ಅಂತ ಕಾದರೆ ಕಡ್ಡಿ ಕಡ್ಡಿಯಾಗೇ ಉಳಿಯುತ್ತೆ. ನಂಬಿಕೆಯೂ ಹಾಗೇ.

ಹಾಗಂತ ಯಾರ ಮೇಲೂ ಬೀಳಬೇಡಿ. ಒತ್ತಾಯ ಬೇಡ, ಆಮಿಷ ಬೇಡ. ಕೇಳಿದವರಿಗೆ ಸಾತ್ವಿಕವಾಗಿ, ಗೌರವದಿಂದ ಉತ್ತರ ಕೊಡಿ ಅಂತ 1 ಪೇತ್ರ 3:15 ಕಲಿಸುತ್ತೆ. ನಿಮ್ಮ ಸಂದೇಹ ಅಹಂಕಾರಕ್ಕೆ ಕಡಿವಾಣ ಆಗಲಿ, ಬಾಯಿಗೆ ಬೀಗ ಆಗೋದು ಬೇಡ.

ಈ ವಾರ ಸಹೋದ್ಯೋಗಿ ಕೇಳಿದ್ರೆ, ನಿಮ್ಮ ಜೀವನದಲ್ಲಿ ಕರ್ತನು ಮಾಡಿದ ಒಂದೇ ಒಂದು ನಿಜ ಹೇಳಿ. ಉಳಿದದ್ದಕ್ಕೆ "ಗೊತ್ತಿಲ್ಲ" ಅನ್ನೋಕೆ ನಾಚಬೇಡಿ. ಆಮೆನ್.