ಡೇರೆ ಎಲ್ಲಿ ಹಾಕಬೇಕಿತ್ತು?

ಪ್ರಕರಣ ಇಷ್ಟು. ಬೆಂಗಳೂರಿನ ನಾಲ್ವರು ಗೆಳೆಯರು ಫ್ಲೈ ಫಿಶಿಂಗ್‌ಗೆಂದು ಕೊಡಗಿನ ಕಡೆ, ಕಾವೇರಿ ತೀರಕ್ಕೆ ಬಂದಿದ್ದಾರೆ ಎಂದುಕೊಳ್ಳಿ. ಅಭಯಾರಣ್ಯದ ಹೊರಗಿನ ನದಿಪಾತ್ರ, ಪರವಾನಗಿ ಕೈಯಲ್ಲಿದೆ, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕೆಂಬ ಕರಾರಿದೆ. ಏಪ್ರಿಲ್ ಕೊನೆ, ಹೊಳೆ ಇಳಿದಿದೆ. ಡೇರೆ ಹಾಕಲು ಎರಡು ಜಾಗ. ಒಂದು, ಮಡುವಿಗೆ ಅಂಟಿಕೊಂಡ ಮರಳದಿಣ್ಣೆ. ಎದ್ದ ಕೂಡಲೇ ಗಾಳ ಬೀಸಬಹುದು. ಇನ್ನೊಂದು, ಕಾಲು ಗಂಟೆ ನಡೆದರೆ ಸಿಗುವ ಕಾಫಿ ತೋಟದಂಚಿನ ದಿಬ್ಬ. ಅಲ್ಲಿಗೆ ನೀರು ಹೊತ್ತು ತರಬೇಕು.

ಜೊತೆಗೆ ಬಂದಿದ್ದ ಊರಿನ ಹುಡುಗ ಹೇಳಿದ: “ಮರಳಲ್ಲಿ ಬೇಡ ಸಾರ್, ರಾತ್ರಿ ಆನೆ ನೀರಿಗಿಳಿಯೋ ದಾರಿ ಅದು.”

“ಒಂದು ರಾತ್ರಿ ತಾನೇ, ನೋಡ್ಕೊಳ್ಳೋಣ ಬಿಡಪ್ಪಾ,” ಅಂದರು ಗುಂಪಿನ ಹಿರಿಯರು.

“ನಿಮ್ಮಿಷ್ಟ ಸಾರ್,” ಎಂದು ಹುಡುಗ ಗೂಟದ ಚೀಲ ಎತ್ತಿಕೊಂಡ.

ಆ ರಾತ್ರಿ ಏನೂ ಆಗಲಿಲ್ಲ.

ಏನೂ ಆಗಲಿಲ್ಲವಲ್ಲ, ಇನ್ನೇನು ಚರ್ಚೆ ಎನ್ನಬಹುದು. ಆನೆ ಬಾರದ ಒಂದು ರಾತ್ರಿ ಸಂಜೆಯ ತೀರ್ಮಾನವನ್ನು ಸರಿ ಮಾಡಿಬಿಡುವುದಿಲ್ಲ ಎಂಬುದು ನನ್ನ ವಾದ. ಏಪ್ರಿಲ್-ಮೇ ತಿಂಗಳಲ್ಲಿ ಮೇಲಿನ ಬೆಟ್ಟಗಳಲ್ಲಿ ಗುಡುಗು ಮಳೆ ಸುರಿದರೆ, ಇಲ್ಲಿ ಒಂದು ಹನಿ ಬೀಳದಿದ್ದರೂ ನೀರು ಏರಬಹುದು. ಮಲಗಿದವರಿಗೆ ಅದು ತಿಳಿಯುವುದು ಹಾಸಿಗೆ ಒದ್ದೆಯಾದಾಗ. ಇನ್ನು ಮರಳು ಖಾಲಿ ಜಾಗವೇನಲ್ಲ. ಕಾವೇರಿಯ ನೀರುನಾಯಿಗಳು ಇಂಥ ದಿಣ್ಣೆಗಳ ಮೇಲೆಯೇ ಮೈ ಒರೆಸಿಕೊಳ್ಳುವುದು, ತಮ್ಮ ಗುರುತು ಬಿಡುವುದು. ಆಮೆ, ಮೊಸಳೆಗಳು ಮೊಟ್ಟೆ ಇಡುವುದೂ ದಡದ ಮಣ್ಣು, ಮರಳಿನಲ್ಲೇ. ಅಮೆರಿಕದಲ್ಲಿ ಹುಟ್ಟಿದ ‘ಲೀವ್ ನೋ ಟ್ರೇಸ್’ ಎಂಬ ಶಿಬಿರ ನಿಯಮಾವಳಿ ನೀರಿನಿಂದ 200 ಅಡಿ ದೂರವಿರಿ ಎನ್ನುತ್ತದೆ. ಆನೆಯ ದಾರಿ ಇರುವಲ್ಲಿ ಆ ಅಳತೆಯೂ ಸಾಲದು.

ಗಾಳದ ದೃಷ್ಟಿಯಿಂದ ನೋಡಿದರೂ ದಿಣ್ಣೆ ತಪ್ಪು ಜಾಗ. ಫ್ಲೈ ಫಿಶಿಂಗ್‌ನಲ್ಲಿ ಗಾಳಕ್ಕೆ ಕಟ್ಟಿದ ಪುಕ್ಕ, ದಾರಗಳಿಗೆ ಹೆಚ್ಚುಕಡಿಮೆ ತೂಕವೇ ಇಲ್ಲ; ಅವನ್ನು ಹೊತ್ತು ಹೋಗುವುದು ದಪ್ಪನೆಯ ಲೈನಿನ ತೂಕ. ಬಹಳ ದೂರ ಬೀಸಲಾಗದು, ಸದ್ದಿಲ್ಲದೆ ಮೀನಿನ ಹತ್ತಿರ ಹೋಗಲೇಬೇಕು. ರಾತ್ರಿಯಿಡೀ ದಡದಲ್ಲಿ ಹೆಜ್ಜೆ ಸದ್ದು, ಟಾರ್ಚ್ ಬೆಳಕು, ಪಾತ್ರೆ ತೊಳೆಯುವ ಗಲಾಟೆ ಇದ್ದರೆ ಬೆಳಗ್ಗೆ ಮಡುವಿನಲ್ಲಿ ಮಹಶೀರ್ ಮೀನು ನಿಂತಿರುವುದು ಕಷ್ಟ.

ಗಂಭೀರವಾದ ಆಕ್ಷೇಪ ಒಂದಿದೆ. ಗಾಲಿಬೋರೆ, ಭೀಮೇಶ್ವರಿ, ದೊಡ್ಡಮಕಳಿಗಳಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಹೊಳೆಯ ದಡದಲ್ಲೇ ಶಿಬಿರ ನಡೆಸಲಿಲ್ಲವೇ? ನಡೆಸಿತು. ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಆ ಶಿಬಿರಗಳಲ್ಲಿ ಗೈಡ್‌ಗಳಾದರು. ಸಿಡಿಮದ್ದು ಹಾಕುವವರ ಮೇಲೆ ಅಲ್ಲಿನವರ ಕಣ್ಣಿತ್ತು. ಹಿಡಿದು ಬಿಟ್ಟ ಮೀನಿನ ಲೆಕ್ಕ ಬರೆದಿಟ್ಟರು. ಆ ಜಾಗ ಕಾವೇರಿ ವನ್ಯಜೀವಿಧಾಮದೊಳಗಿದ್ದುದರಿಂದ ವನ್ಯಜೀವಿ ಕಾಯ್ದೆಯ ಪ್ರಕಾರ ಅಲ್ಲಿ ಗಾಳ ಹಾಕುವುದು ನಿಂತುಹೋಯಿತು. ಶಿಬಿರ ಬರೆದಿಟ್ಟ 1998ರಿಂದ 2012ರವರೆಗಿನ ಲೆಕ್ಕವೇ ಮುಂದೆ ವಿಜ್ಞಾನಿಗಳ ಕೈಗೆ ಸಿಕ್ಕ ದಾಖಲೆ. ಅದು ಹೇಳಿದ್ದು ನೋವಿನ ಸಂಗತಿ: ಸಿಗುತ್ತಿದ್ದ ಮೀನಿನ ಸಂಖ್ಯೆ ಏರುತ್ತಿದ್ದಾಗಲೇ ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕಾಣೆಯಾಗುತ್ತಿತ್ತು, ಏರುತ್ತಿದ್ದುದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. 2018ರಲ್ಲಿ ಗೂನುಬೆನ್ನಿನ ಮೀನು ಟಾರ್ ರೆಮಾದೇವಿ ಎಂಬ ಪ್ರಭೇದವೆಂದು ಖಚಿತವಾಯಿತು; ಅದೇ ವರ್ಷ ಅದು ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಳಿವಿನ ಅತಿ ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿತು.

ವರ್ಷಗಟ್ಟಲೆ ಕಾವಲಿದ್ದು, ಬಂದ ಮೀನನ್ನೆಲ್ಲ ಬರೆದಿಟ್ಟ ಶಿಬಿರಕ್ಕೂ ಗೂನುಬೆನ್ನಿನ ಮೀನನ್ನು ಉಳಿಸಿಕೊಳ್ಳಲಾಗಲಿಲ್ಲ. ಆದರೂ ದಡದಲ್ಲಿದ್ದುದಕ್ಕೆ ಅದು ಹೊಳೆಗೆ ಏನನ್ನಾದರೂ ಕೊಟ್ಟಿತ್ತು. ಒಂದು ರಾತ್ರಿಗೆ ಬಂದ ನಮ್ಮ ನಾಲ್ವರು ಗೆಳೆಯರ ಬಳಿ ಕೊಡುವುದಕ್ಕೆ ಏನಿತ್ತು? ಗಾಲಿಬೋರೆಯ ಹೆಸರು ಹೇಳಿ ಮರಳಿನ ಮೇಲೆ ಗೂಟ ಹೊಡೆಯುವ ಹಕ್ಕು ಅವರಿಗಿಲ್ಲ.

ಈ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಕಾಡುವುದು ಹುಡುಗನ ಆ ಮಾತು. “ನಿಮ್ಮಿಷ್ಟ ಸಾರ್” ಎಂದದ್ದನ್ನು ಗೆಳೆಯರು ಒಪ್ಪಿಗೆ ಎಂದುಕೊಂಡರು. ಸಂಜೆಯಾಗಿದೆ, ಕೂಲಿ ಇನ್ನೂ ಕೈಗೆ ಬಂದಿಲ್ಲ, ನಾಳೆ ಮತ್ತೆ ಕರೆಯುವವರು ಇವರೇ. ಅವನು ಬೇರೇನು ಹೇಳಬಲ್ಲ? ಆನೆ ಬಂದಿದ್ದರೆ ಮೊದಲು ಎದ್ದು ಹೊರಗೆ ಹೋಗಬೇಕಾದವನೂ ಅವನೇ. ಅಪಾಯ ಅರಿತವನು ಎಚ್ಚರಿಸಿದ ಮೇಲೂ ಅವನ ಮಾತಿಗೆ ಬೆಲೆ ಕೊಡದೆ, ಅವನನ್ನೂ ಆ ಅಪಾಯದೊಳಗೆ ಮಲಗಿಸಿದರು. ಮೀನು ಸಿಕ್ಕಿತೋ ಇಲ್ಲವೋ, ಆ ನಾಲ್ವರು ಮಾಡಿದ್ದು ತಪ್ಪು. ಮೊದಲ ಹೊಣೆ ಹಿರಿಯರದು, ಸುಮ್ಮನಿದ್ದ ಮೂವರದೂ ಹೌದು.

ಹೊಳೆಗೆ ಹೊರಡುವ ಓದುಗರಲ್ಲಿ ನನ್ನ ಬಿನ್ನಹ ಇದು. ಕತ್ತಲಾಗುವ ಮುನ್ನ, ಚೀಲ ಇಳಿಸುವ ಮುನ್ನ, ಜೊತೆಗೆ ಬಂದ ಊರಿನವರಿಗೆ ಆ ದಿನದ ಪೂರ್ತಿ ಕೂಲಿ ಕೊಟ್ಟುಬಿಡಿ. ಆಮೇಲೆ ಜಾಗ ತೋರಿಸಿ ಕೇಳಿ. ಅವರು ಬೇಡ ಎಂದಲ್ಲಿ ಡೇರೆ ಹಾಕಬೇಡಿ.