ಶುಚಿಯ ಬೆಲೆ

ಮೈಸೂರಿನ ಉದಯಗಿರಿ, ಗೌಸಿಯಾ ನಗರ, ಶಾಂತಿ ನಗರದ ಕಡೆ ಹೆಂಗಸರು ಮನೆಯಲ್ಲೇ ಕೂತು ಮಾಡುವ ಕೂಲಿ ಕೆಲಸಗಳಲ್ಲಿ ಅಗರಬತ್ತಿ ಹೊಸೆಯುವುದೂ ಒಂದು. ಇದ್ದಿಲ ಪುಡಿ, ಜಿಗಟು, ನೀರು ಕಲಸಿದ ಮುದ್ದೆಯನ್ನು ಬಿದಿರುಕಡ್ಡಿಗೆ ಹೊಸೆಯುವಾಗ ಅಂಗೈ, ಸೆರಗು, ದುಪಟ್ಟಾ, ಕೂತ ಚಾಪೆ ಎಲ್ಲವೂ ಕಪ್ಪಾಗುತ್ತವೆ. ದೇವರಮನೆಗೂ ದರ್ಗಾಕ್ಕೂ ಪರಿಮಳ ಕಳಿಸುವ ಈ ಹೆಂಗಸರು ದಿನಕ್ಕೆ ಐದು ಹೊತ್ತು ನಮಾಜಿಗೂ ನಿಲ್ಲಬೇಕು. ನಮಾಜಿಗೆ ಮೈ, ಬಟ್ಟೆ, ನಿಂತ ಜಾಗ ಮೂರೂ ಶುದ್ಧವಾಗಿರಬೇಕೆಂಬುದು ವಿಧಿ. ದಿನಗೂಲಿಯಲ್ಲಿ ಬದುಕುವ ಮನೆಗೆ ಸೋಪು, ಸೋಪಿನ ಪುಡಿ ಸಣ್ಣ ಖರ್ಚಲ್ಲ. ಧರ್ಮ ಎಲ್ಲರಿಂದಲೂ ಕೇಳುವ ಶುಚಿ ದುಡ್ಡಿದ್ದವರಿಗೆ ಮಾತ್ರ ಸುಲಭವಾಗಿ ಸಿಗುವುದಾದರೆ ಆ ವಿಧಿ ನ್ಯಾಯವಾದದ್ದೇ? ಎಲ್ಲರ ಮೇಲಿರುವ ಕರ್ತವ್ಯಕ್ಕೆ ಬೇಕಾದ ಸಾಧನ ಎಲ್ಲರ ಕೈಗೂ ಎಟುಕಬೇಕು, ಧರ್ಮಗ್ರಂಥಗಳೂ ಒಳಗಿನಿಂದ ಇದನ್ನೇ ಹೇಳುತ್ತವೆ ಎಂಬುದು ನನ್ನ ವಾದ. ಮನೆಯಲ್ಲೇ ಅಗ್ಗವಾಗಿ ಒಗೆಯುವ ಪುಡಿ, ನೀರು ಮಾಡಿಕೊಳ್ಳುವುದನ್ನು ಬರೀ ಉಳಿತಾಯದ ಉಪಾಯವೆಂದು ನಾನು ನೋಡದಿರುವುದು ಇದೇ ಕಾರಣಕ್ಕೆ.

ಮೈಸೂರು ಸೀಮೆಯ ಮುಸ್ಲಿಮರಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಪಂಥದ ಶಾಸ್ತ್ರವನ್ನೇ ನೋಡೋಣ. ಹನ್ನೆರಡನೆಯ ಶತಮಾನದಲ್ಲಿ ಮರ್ಗೀನಾನಿ ಬರೆದ ‘ಹಿದಾಯ’ ಅದರ ಮುಖ್ಯ ಆಕರಗಳಲ್ಲೊಂದು. ಬಟ್ಟೆಗೆ ತಗುಲಿದ ಅಶುದ್ಧಿ ಕಣ್ಣಿಗೆ ಕಾಣುವಂಥದ್ದಾದರೆ ಆ ವಸ್ತು ಹೋಗುವ ತನಕ ತೊಳೆಯಬೇಕು. ಸುಲಭವಾಗಿ ಹೋಗದ ಕಲೆ ಉಳಿದರೆ ಅದಕ್ಕೆ ಮಾಫಿ ಉಂಟು. ಕಣ್ಣಿಗೆ ಕಾಣದ್ದಾದರೆ ಮೂರು ಸಲ ತೊಳೆದು, ಪ್ರತಿ ಸಲ ಹಿಂಡಿದರೆ ಸಾಕು. ಎಷ್ಟು ಕಷ್ಟವಾದರೆ ಮಾಫಿ ಎಂಬುದಕ್ಕೆ ವ್ಯಾಖ್ಯಾನಕಾರರು ಕೊಟ್ಟ ಅಳತೆ ಇನ್ನೂ ಮುಖ್ಯ: ಕಲೆ ತೆಗೆಯಲು ನೀರಲ್ಲದೆ ಸಾಬೂನಿನಂಥ ಬೇರೆ ವಸ್ತು ಬೇಕಾಗುವುದಾದರೆ ಅದೇ ಕಷ್ಟ. ಅಂದರೆ ಸಾಬೂನು ಕೊಳ್ಳಲೇಬೇಕೆಂಬ ಹೊರೆಯನ್ನು ಶಾಸ್ತ್ರ ಯಾರ ಮೇಲೂ ಹೊರಿಸಿಲ್ಲ. ಇದ್ದಿಲ ಮಸಿಯಂತೂ ಅಶುದ್ಧಿಯ ಪಟ್ಟಿಗೇ ಸೇರುವುದಿಲ್ಲ, ಅದು ಬರೀ ಕೊಳೆ. ಅಗರಬತ್ತಿ ಹೊಸೆದು ಕಪ್ಪಾದ ದುಪಟ್ಟಾದಲ್ಲೂ ನಮಾಜು ಸಲ್ಲುತ್ತದೆ. ಬಡವರ ಬದುಕನ್ನು ಹತ್ತಿರದಿಂದ ಕಂಡವರು ಮಾತ್ರ ಹೀಗೆ ಬರೆದಾರು.

ಆದರೂ ಕೊಳೆ ಹೋಗಲಿ ಎಂಬ ಆಸೆ ತಪ್ಪಲ್ಲ. ಅದಕ್ಕೆ ಪರಂಪರೆಗಳು ತೋರಿಸಿದ ವಸ್ತುಗಳೂ ಹಿತ್ತಿಲಿನವೇ. ಮೃತದೇಹವನ್ನು ಬೋರೆ ಎಲೆ ಹಾಕಿದ ನೀರಿನಿಂದ ತೊಳೆಯಬೇಕೆಂದು ಹದೀಸಿನಲ್ಲಿದೆ. ಆ ಎಲೆಯಲ್ಲಿ ನೊರೆ ಬರಿಸುವ ಸಪೋನಿನ್ ಇರುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯ ರೇಷ್ಮೆ, ಉಣ್ಣೆಗಳಿಗೆ ಚೌಳು ಮಣ್ಣನ್ನೂ ಕಂಬಳಿಗೆ ಅಂಟುವಾಳ ಕಾಯಿಯನ್ನೂ ನಾರುಬಟ್ಟೆಗೆ ಬಿಳಿ ಸಾಸಿವೆಯನ್ನೂ ಹೇಳುತ್ತದೆ. (ರೇಷ್ಮೆಗೆ ಕ್ಷಾರ ಒಗ್ಗುವುದಿಲ್ಲ, ಆ ಭಾಗವನ್ನು ಇಂದು ಯಾರೂ ಪ್ರಯೋಗ ಮಾಡಬಾರದು.) ನಮ್ಮ ಅಗಸರು ತಲೆತಲಾಂತರದಿಂದ ಬಟ್ಟೆಯನ್ನು ಚೌಳಿನಲ್ಲಿ ಅದ್ದಿ ಉಬ್ಬೆ ಹಾಕಿ ಬಿಳಿ ಮಾಡಿದವರು. ಇಂದು ಅಂಗಡಿಯಲ್ಲಿ ಸಿಗುವ ವಾಷಿಂಗ್ ಸೋಡಾ ಕೂಡ ಚೌಳಿನಲ್ಲಿರುವ ಅದೇ ಸೋಡಿಯಂ ಕಾರ್ಬೊನೇಟ್. ಎಲ್ಲರ ಬಟ್ಟೆಯನ್ನೂ ಮಡಿ ಮಾಡಿಕೊಟ್ಟ ಈ ಜನರನ್ನೇ ನಮ್ಮ ಸಮಾಜ ಮೈಲಿಗೆಯೆಂದು ಹೊಸಿಲಿನಾಚೆ ನಿಲ್ಲಿಸಿದ್ದು ದೊಡ್ಡ ಅನ್ಯಾಯ. ಹನ್ನೆರಡನೆಯ ಶತಮಾನದಲ್ಲಿ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಮಡಿವಾಳ ಮಾಚಯ್ಯ ಈ ಲೆಕ್ಕವನ್ನೇ ತಿರುಗಿಸಿದ. ಕಾಯಕ ಮಾಡದೆ ಉಣ್ಣುವವರ ಬಟ್ಟೆಯನ್ನು ಆತ ಮುಟ್ಟುತ್ತಿರಲಿಲ್ಲ ಎಂಬುದು ಶರಣ ಪರಂಪರೆ ನೆನೆಯುತ್ತ ಬಂದ ಸಂಗತಿ. ಶುಚಿಯ ಅಳತೆಗೋಲು ಅಲ್ಲಿ ಹುಟ್ಟಿನಿಂದ ದುಡಿಮೆಗೆ ಬಂತು.

ಇಂದು ಆ ಅಳತೆಗೋಲು ಜಾಹೀರಾತಿನ ಕೈಯಲ್ಲಿದೆ. 1959ರಲ್ಲಿ ಸರ್ಫ್ ಬಂತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ತಮ್ಮ ಹಿತ್ತಿಲಿನಲ್ಲಿ ಪುಡಿ ಕಲಸಿ, ಸೈಕಲ್ಲಿನಲ್ಲಿ ಮಾರುತ್ತ ನಿರ್ಮಾ ಶುರುಮಾಡಿದರು. ಒಗೆಯುವ ಪುಡಿ ಮನೆಯಂಗಳದಲ್ಲೂ ಆಗುವ ವಸ್ತು ಎಂದು ಆ ಹಿತ್ತಿಲೇ ತೋರಿಸಿಕೊಟ್ಟಿತು. ಆದರೆ ಮಾರುಕಟ್ಟೆ ಶುಚಿಯ ಜಾಗದಲ್ಲಿ ಬಿಳುಪನ್ನು ಕೂರಿಸಿತು. ಪುಡಿಗಳಲ್ಲಿ ಬೆರೆಸುವ ಹೊಳಪುಕಾರಕಗಳು ಕೊಳೆ ತೆಗೆಯುವುದಿಲ್ಲ. ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತವೆ, ಹಳದಿ ಛಾಯೆ ಮರೆಯಾಗುತ್ತದೆ. ಅಲ್ಲಿ ಸಿಗುವುದು ಶುಚಿಯ ತೋರಿಕೆ. ಪಕ್ಕದವರ ಅಂಗಿಗಿಂತ ತನ್ನ ಅಂಗಿ ಬಿಳಿ ಎನ್ನುವ ಸಂತೋಷಕ್ಕೆ ಯಾವ ಧರ್ಮದಲ್ಲೂ ಪುಣ್ಯವಿಲ್ಲ, ಅದರ ಖರ್ಚು ಮಾತ್ರ ಬಡ ಮನೆಯ ಮೇಲೂ ಬೀಳುತ್ತದೆ.

ಒಗೆಯುವ ನೀರು, ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವ ಕೆಲಸ ದೊಡ್ಡದಲ್ಲ. ಬೀಜ ತೆಗೆದ ಹತ್ತು ಹನ್ನೆರಡು ಅಂಟುವಾಳ ಕಾಯಿಗಳನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಕಿವುಚಿ ಸೋಸಿದರೆ ಒಗೆಯುವ ನೀರು ಸಿದ್ಧ. ರೇಷ್ಮೆ ಸೀರೆಗೆ ಇದು ಹಿತ. ಎರಡು ಮೂರು ದಿನಕ್ಕೆ ಹುಳಿಯುತ್ತದೆ, ಆದ್ದರಿಂದ ಬೇಕಾದಷ್ಟೇ ಮಾಡಬೇಕು. ಹತ್ತಿ ಬಟ್ಟೆಯ ಜಿಡ್ಡಿಗೆ, ಮಸಿಗೆ ಇದರ ಶಕ್ತಿ ಸಾಲದು. ತುರಿದ ಬಾರ್ ಸೋಪಿಗೆ ವಾಷಿಂಗ್ ಸೋಡಾ ಬೆರೆಸಿದ ಪುಡಿ ಅಲ್ಲಿಗೆ ಬೇಕು. ಬೋರ್‌ವೆಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ ಅನ್ನು ಸೋಡಾ ತಳಕ್ಕಿಳಿಸುವುದರಿಂದ ಸೋಪು ಕಡಿಮೆ ಸಾಕಾಗುತ್ತದೆ. ಆದರೆ ಕಾಸ್ಟಿಕ್ ಸೋಡಾ, ಆ್ಯಸಿಡ್ ಸ್ಲರಿ ತಂದು ಮಕ್ಕಳಿರುವ ಒಂದೇ ಕೋಣೆಯ ಮನೆಯಲ್ಲಿ ಕಲಸುವುದನ್ನು ನಾನು ಒಪ್ಪುವುದಿಲ್ಲ. ನಾಲ್ಕು ಕಾಸು ಉಳಿಸಲು ಹೋಗಿ ಕೈ ಕಣ್ಣು ಸುಟ್ಟುಕೊಳ್ಳಬಾರದು.

ಶುದ್ಧಿ ಮನಸ್ಸಿನದು, ಬಟ್ಟೆಯ ಮಾತೇಕೆ ಎಂದು ಕೇಳುವವರಿದ್ದಾರೆ. ಕುರ್‌ಆನಿನ ಎಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಬಟ್ಟೆಯನ್ನು ಶುದ್ಧವಾಗಿಡಲು ಹೇಳುವ ವಾಕ್ಯವನ್ನು ಕೆಲವು ವ್ಯಾಖ್ಯಾನಕಾರರು ಅಂತರಂಗಕ್ಕೇ ಅನ್ವಯಿಸಿದ್ದಾರೆ, ಕೆಲವರು ಉಟ್ಟ ಬಟ್ಟೆಗೇ. ನನಗೆ ಎರಡೂ ಬೇಕು. ಒಳಗಿನ ಶುದ್ಧಿಯನ್ನು ಹೊಗಳಿ ಹೊರಗಿನದನ್ನು ಬಿಟ್ಟುಬಿಡುವ ಮಾತು, ಒಗೆದು ಕೊಡುವ ಇನ್ನೊಬ್ಬರು ಇದ್ದವರಿಗೆ ಮಾತ್ರ ಸಲೀಸು. ಮನೆಯಲ್ಲಿ ಮಾಡಿದ್ದೆಲ್ಲ ನಿರಪಾಯವೆಂಬುದು ಸುಳ್ಳು ಎನ್ನುವ ಆಕ್ಷೇಪ ಸರಿ. ಅಂಟುವಾಳದ ರಸ ಮೀನಿಗೆ ವಿಷ, ಅದನ್ನು ಕೆರೆಗೆ ಹಾಕಿ ಮೀನು ಹಿಡಿಯುವ ರೂಢಿಯೇ ಇತ್ತು. ಹಾಗಾಗಿ ಯಾವುದರಿಂದ ಒಗೆದರೂ ಹಿತಮಿತ ಬೇಕು, ಕೊಳಕು ನೀರು ನೇರ ಕೆರೆ, ಮೋರಿ ಸೇರಬಾರದು. ಕಾವೇರಿ, ಕಬಿನಿಗಳ ನೀರು ತಂದು ಬಳಸುವ ಮೈಸೂರಿಗೆ ಇದು ಧರ್ಮದ ಪ್ರಶ್ನೆಯೇ: ಆ ಎರಡೂ ನದಿಗಳು ಕೂಡುವ ತಿರುಮಕೂಡಲು ನರಸೀಪುರದಲ್ಲಿ ಜನ ಪುಣ್ಯಸ್ನಾನಕ್ಕೆ ಇಳಿಯುತ್ತಾರೆ. ನಮ್ಮ ಕೊಳೆಯನ್ನು ಅವರ ಮೈಗೆ ಸಾಗಿಸಿ ನಾವು ಶುದ್ಧರಾದೆವು ಎನ್ನಲು ಬಾಯಿ ಬರಬಾರದು.

ಉಳಿದದ್ದು ಎಲ್ಲಕ್ಕಿಂತ ಭಾರವಾದ ಆಕ್ಷೇಪ: ನೆನೆಹಾಕು, ಕುದಿಸು, ತುರಿ ಎಂದರೆ ಈಗಾಗಲೇ ದಣಿದ ಹೆಂಗಸಿನ ತಲೆಗೇ ಇನ್ನೊಂದು ಕೆಲಸ. ಹೊಸೆದ ಕಡ್ಡಿಯ ಲೆಕ್ಕದಲ್ಲಿ ಕೂಲಿ ಸಿಗುವವಳಿಗೆ ಅರ್ಧ ಗಂಟೆಯೂ ದುಡ್ಡೇ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಪುಡಿಯನ್ನು ಮನೆಮನೆಯಲ್ಲಿ ಮಾಡದೆ ಸ್ವಸಹಾಯ ಸಂಘದಲ್ಲಿ ತಿಂಗಳಿಗೊಮ್ಮೆ ಒಟ್ಟಿಗೆ ಮಾಡಬಹುದು, ಮಸೀದಿ, ದೇವಸ್ಥಾನದ ಸಮಿತಿಗಳು ಸಾಮಾನು ಕೊಡಿಸಬಹುದು, ಗಂಡಸರು ಸೋಪು ತುರಿಯಲು ಕೂರಬಹುದು. ನಮಾಜಿನ ಶುದ್ಧಿಯ ವಿಧಿ ಅವರಿಗೂ ಅಷ್ಟೇ ಅನ್ವಯ. ಇದಾವುದೂ ಆಗದ ಮನೆಯಲ್ಲಿ ಅಂಗಡಿಯ ಪುಡಿಯನ್ನೇ ಅರ್ಧ ಚಮಚ ಕಡಿಮೆ ಹಾಕಿ, ನೀರಿನಲ್ಲಿ ಮೂರು ಸಲ ಜಾಲಿಸಿ ಹಿಂಡಿದರೂ ಹಿದಾಯದ ಲೆಕ್ಕದಲ್ಲಿ ಆ ಬಟ್ಟೆ ಶುದ್ಧವೇ.