ಸಬ್ರ್ ಅಂದರೆ ಸುಮ್ಮನಿರುವುದೇ?

ಈ ಬೆಟ್ಟ ಹತ್ತಿ ಬರುವ ಭಕ್ತಾದಿಗಳಲ್ಲಿ ನೋವಿಲ್ಲದೆ ಬರುವವರು ಕಡಿಮೆ. ಕಾಯಿಲೆಯ ಮಗು, ಮನೆ ಬಿಟ್ಟು ಹೋದ ಮಗ, ತೀರದ ಸಾಲ. ಅಂಥವರಿಗೆ ಪಕ್ಕದಲ್ಲಿದ್ದವರು ಹೇಳುವುದು ಒಂದೇ ಮಾತು: "ಸಬ್ರ್ ಮಾಡಮ್ಮ, ಅಳಬೇಡ." ಶಿರಡಿ ಸಾಯಿಬಾಬಾ ಅವರ ಶ್ರದ್ಧೆ-ಸಬೂರಿಯಿಂದಾಗಿ ಹಿಂದೂ ಭಕ್ತರಿಗೂ ಈ ಪದ ಹೊಸದಲ್ಲ. ಆದರೆ ಅಳಬಾರದು, ಬಾಯಿ ಬಿಡಬಾರದು ಅಂತ ಅದಕ್ಕೆ ಅರ್ಥ ಇದೆಯೇ?

ಸಬ್ರ್ ಅರಬ್ಬಿ ಪದ. ತಡೆದು ಹಿಡಿಯುವುದು ಎಂಬುದು ಅದರ ಮೂಲ ಅರ್ಥ. ಏನನ್ನು ತಡೆಯಬೇಕು ಎಂಬುದು ಪವಿತ್ರ ಕುರ್‌ಆನ್‌ನ 12ನೇ ಅಧ್ಯಾಯದಲ್ಲಿ ಬರುವ ಹಜರತ್ ಯಾಕೂಬರ ಕಥೆಯಿಂದ ತಿಳಿಯುತ್ತದೆ. ಅಣ್ಣಂದಿರೇ ತಮ್ಮ ಯೂಸುಫರನ್ನು ಬಾವಿಗೆ ಹಾಕಿದರು. ತೋಳ ತಿಂದಿತು ಅಂತ ಅಂಗಿಗೆ ಸುಳ್ಳು ರಕ್ತ ಹಚ್ಚಿ ತಂದು ತೋರಿಸಿದರು. ತಂದೆ ನಂಬಲಿಲ್ಲ. ಇದು ನೀವೇ ಕಟ್ಟಿದ ಮಾತು ಎಂದು ಮುಖಕ್ಕೇ ಹೇಳಿ, ಆಮೇಲೆ 'ಸಬ್ರುನ್ ಜಮೀಲ್', ಅಂದರೆ ಚಂದದ ಸಬ್ರ್ ಎಂದರು. ಮುಂದೆ ದುಃಖದಿಂದ ಅವರ ಕಣ್ಣುಗಳೇ ಬೆಳ್ಳಗಾದವು. ಇನ್ನೂ ಎಷ್ಟು ದಿನ ಅವನನ್ನೇ ನೆನೆಯುತ್ತೀರಿ ಅಂತ ಮಕ್ಕಳು ಅಂದಾಗ, ನನ್ನ ಸಂಕಟ ಅಲ್ಲಾಹನ ಹತ್ತಿರ ಹೇಳಿಕೊಳ್ಳುತ್ತೇನೆ ಎಂದರು. ಹಾಗಂತ ಮೂಲೆ ಹಿಡಿದು ಕೂರಲಿಲ್ಲ. ಯೂಸುಫನನ್ನೂ ಅವನ ತಮ್ಮನನ್ನೂ ಹುಡುಕಿ ಬನ್ನಿ, ಅಲ್ಲಾಹನ ಕರುಣೆಯಲ್ಲಿ ಆಸೆ ಬಿಡಬೇಡಿ ಅಂತ ಆ ಮಕ್ಕಳನ್ನೇ ಕಳಿಸಿದರು. ಕಣ್ಣೀರನ್ನು ಅವರು ತಡೆಯಲಿಲ್ಲ, ಹುಡುಕುವುದನ್ನೂ ತಡೆಯಲಿಲ್ಲ. ತಡೆದದ್ದು ನಿರಾಸೆಯನ್ನು.

ಪ್ರವಾದಿ ಮುಹಮ್ಮದರೂ (ಸ) ಎಳೆಯ ಮಗ ಇಬ್ರಾಹೀಮ್ ತೀರಿಕೊಂಡಾಗ ಕಣ್ಣೀರು ಹಾಕಿದರೆಂದು ಹದೀಸ್‌ನಲ್ಲಿದೆ. ಆದ್ದರಿಂದ ಜಿಯಾರತ್‌ಗೆ ನಿಂತಲ್ಲಿ ಯಾರಾದರೂ ಅತ್ತರೆ ಗದರಬೇಡಿ, ಸ್ವಲ್ಪ ಜಾಗ ಬಿಟ್ಟು ನಿಲ್ಲಿ.

ಇನ್ನು ಸಬ್ರ್ ಹೇಳುವವರ ಮಾತು. 103ನೇ ಅಧ್ಯಾಯ ಬಹಳ ಚಿಕ್ಕದು, ಮೂರೇ ಆಯತ್. ಒಳ್ಳೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಎರಡು ಎಂದು ಅದರಲ್ಲಿದೆ: ಮೊದಲು ಹಕ್, ಅಂದರೆ ಸತ್ಯ, ಆಮೇಲೆ ಸಬ್ರ್. ಗಂಡನ ಕೈಲಿ ಏಟು ತಿಂದು ತವರಿಗೆ ಬಂದ ಹೆಣ್ಣುಮಗಳಿಗೆ ಬರೀ ಸಬ್ರ್ ಹೇಳಿ ವಾಪಸ್ ಕಳಿಸುವ ಹಿರಿಯರು ಮೊದಲನೆಯದನ್ನು ನುಂಗಿಬಿಡುತ್ತಾರೆ. ಅವನನ್ನು ಕರೆಸಿ ನಾಲ್ಕು ಜನರ ಮುಂದೆ ಸತ್ಯ ಹೇಳಬೇಕು. ಕೈ ತಡೆದು ಹಿಡಿಯಬೇಕಾದವನು ಅವನು.